ನರಸೀಪುರದ ಬಸ್ಸಿನಲ್ಲಿ ನಾನು ಹೇಳಿದ ಮಾತು

ಎರಡು ವರ್ಷದ ಹಿಂದಿನ ಬೇಸಿಗೆ. ನನ್ನ ನೆನಪಿನಲ್ಲಿ ಏಪ್ರಿಲ್. ಹೆಂಡತಿ ಸುಮಿತ್ರಾ ಮೇ ಅನ್ನುತ್ತಾಳೆ. ಅವಳ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಬಸ್ಸು ಹತ್ತಿದ್ದೆವು.

ಅವಳಿಗೆ ಆಗ ಮುಟ್ಟು ನಿಲ್ಲುವ ಕಾಲ. ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಬೆಂಕಿ ಏರಿದಂತಾಗಿ ಬೆವರಿಳಿಯುತ್ತಿತ್ತು. ಡಾಕ್ಟರಿಗೂ ತೋರಿಸಿ, ಮೂರು ತಿಂಗಳಿಂದ ಯೋಗದ ತರಗತಿಗೂ ಹೋಗುತ್ತಿದ್ದಳು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. "ಉಸಿರಾಡಿದ್ರೆ ಹಾರ್ಮೋನು ಸರಿಹೋಗುತ್ತಾ?" ಎಂದು ದಿನವೂ ಚುಡಾಯಿಸುತ್ತಿದ್ದೆ. "ಸರಿಹೋಗತ್ತೋ ಇಲ್ವೋ, ಆ ಹೊತ್ತಿಗೆ ಸ್ವಲ್ಪ ತಡಕೊಳ್ಳೋ ಹಂಗಾಗತ್ತೆ ಕಣ್ರೀ" ಎನ್ನುತ್ತಿದ್ದಳು.

ಬಸ್ಸು ತುಂಬಿತ್ತು. ಅವಳಿಗೆ ಹೆಂಗಸರ ಸೀಟು ಸಿಕ್ಕಿತು. ಅದರ ಹಿಂದಿನ ಸೀಟಿನಲ್ಲಿ, ಕವಲಂದೆ ಊರಿನವರೊಬ್ಬರ ಪಕ್ಕ, ನಾನು ಕೂತೆ. ಮಾತಿಗೆ ಮಾತು ಬೆಳೆದು, ಜನರ ಮೂಢನಂಬಿಕೆಗಳ ಬಗ್ಗೆ ಅವರಿಗೆ ದೊಡ್ಡ ಪಾಠವನ್ನೇ ಹೇಳುತ್ತಿದ್ದೆ.

ಅರ್ಧ ದಾರಿಯಲ್ಲಿ ಸುಮಿತ್ರಾಳ ಕತ್ತು ಕೆಂಪಾಯಿತು. ಅವಳು ಬೆನ್ನು ನೆಟ್ಟಗೆ ಮಾಡಿ, ನಾಲಿಗೆಯನ್ನು ಕೊಳವೆಯಂತೆ ಸುತ್ತಿ ಹೊರಚಾಚಿ, ಸುಯ್ ಎಂದು ಉಸಿರೆಳೆದುಕೊಂಡು ಮೂಗಿನಿಂದ ಬಿಡತೊಡಗಿದಳು. ತರಗತಿಯಲ್ಲಿ ಕಲಿತ ಶೀತಲಿ ಪ್ರಾಣಾಯಾಮ. ಸುತ್ತಲಿದ್ದವರು ತಿರುಗಿ ನೋಡಿದರು.

ಕವಲಂದೆಯವರು ನಕ್ಕರು. "ನೋಡಿ ಸಾ, ನಾಗರಾವ್ನಂಗೆ ನಾಲ್ಗೆ ಆಚೆಗ್ ಆಕವ್ರೆ. ನಿಮ್ಜೊತೇಲೇ ಬಸ್ಸತ್ತಿದ್ರಲ್ವಾ, ನಿಮ್ಮೋರಾ?"

"ಅಲ್ಲ, ಯಾರೋ ಗೊತ್ತಿಲ್ಲ" ಅಂದುಬಿಟ್ಟೆ.

ಸುಮಿತ್ರಾಳ ಪಕ್ಕದಲ್ಲಿ ಮೂಗೂರಿನ ಅಜ್ಜಿಯೊಬ್ಬರಿದ್ದರು. ಕಿಟಕಿ ಸರಿಸಿ, ಸೆರಗಿನಿಂದ ಗಾಳಿ ಹಾಕಿದರು. "ನಂಗೂ ಇಂಗೇ ಉರಿ ಅತ್ಕತಿತ್ತು ಕಣವ್ವ. ದನ ನೀರ್ ಕುಡಿಯೋ ಬಾನಿಗೇ ತಲೆ ಅದ್ತಿದ್ದೆ. ನೀನೇ ವಾಸಿ, ಉಸುರ್ನಲ್ಲೇ ತಣ್ಣಗ್ ಮಾಡ್ಕತೀಯ. ಜೊತೇಲಿ ಯಾರವ್ರೆ?"

"ಯಾರೂ ಇಲ್ಲ ಅಜ್ಜಿ, ಒಬ್ಳೇ ಬಂದಿದೀನಿ" ಅಂದಳು.

ಸ್ವಲ್ಪ ಹೊತ್ತಿಗೆ ಅವಳ ಕತ್ತಿನ ಕೆಂಪು ಇಳಿಯಿತು. ಪ್ರಾಣಾಯಾಮದಿಂದಲೋ ಕಿಟಕಿಯ ಗಾಳಿಯಿಂದಲೋ ನಾನು ಹೇಳಲಾರೆ.

ಎಷ್ಟೋ ಸಲ ನನ್ನ ನೆನಪು ಅವಳ ಮಾತನ್ನು ಮೊದಲಿಗೂ ನನ್ನದನ್ನು ಆಮೇಲೂ ಇಡುತ್ತದೆ. ಹಾಗಿದ್ದರೆ ನಾನು ಅವಳು ಹೇಳಿದ್ದನ್ನೇ ಹೇಳಿದಂತಾಯಿತಲ್ಲ, ತಪ್ಪೇನು ಅನ್ನಿಸುತ್ತದೆ. ಯಾರು ಮೊದಲು ಹೇಳಿದ್ದೆಂದು ಒಮ್ಮೆ ಅವಳನ್ನೇ ಕೇಳಿದೆ. "ನೆನಪಿಲ್ಲ ಬಿಡ್ರಿ" ಅಂದಳು.

ಆದರೆ ನರಸೀಪುರದಲ್ಲಿ ಇಳಿದ ಮೇಲೆ ಏನಾಯಿತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಕವಲಂದೆಯವರು ನನಗೆ ಕೈಮುಗಿದು, ರಸ್ತೆ ದಾಟಿ, ಕಣ್ಮರೆಯಾಗುವವರೆಗೆ ಸುಮಿತ್ರಾ ಹೂವಿನಂಗಡಿಯ ನೆರಳಿನಲ್ಲಿ ಯಾರೋ ಎಂಬಂತೆ ನಿಂತಿದ್ದಳು. ಆಮೇಲೆ ಬಂದು, "ಹೋಗೋಣ್ವಾ?" ಎಂದಳು.

ಈಗಲೂ ಬೆಳಿಗ್ಗೆ ನಡುಮನೆಯಲ್ಲಿ ಕೂತು ನಾಲಿಗೆ ಸುತ್ತಿ ಉಸಿರೆಳೆಯುತ್ತಾಳೆ. ನಾನು ಚುಡಾಯಿಸುವುದನ್ನು ಬಿಟ್ಟು ಎರಡು ವರ್ಷವಾಯಿತು. ಆದರೂ ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಬಾಯಿ ಮುಚ್ಚಿಬಿಡುತ್ತಾಳೆ.