ಹಸಿ ಸಂದಿ

ನನ್ನ ಭಾವನನ್ನು ಕೆಲಸದವರೆಲ್ಲ, ಕಲ್ಲಿನ ಏರಿಳಿತ ನೋಡುವ ಸಲಕರಣೆಯ ಹೆಸರಿನಿಂದ, ‘ರಸಮಟ್ಟ’ ಎಂದು ಕರೆಯುತ್ತಿದ್ದರು. ಮನೆ ಮುಂದಿನ ಅಂಗಳಕ್ಕೆ ಹಾಸುಗಲ್ಲು ಕೂರಿಸುವುದು ಅವನ ಕಸುಬು. ಅವನು ಕೂರಿಸಿದ ಕಲ್ಲಿನ ಮೇಲೆ ನೀರು ಸುರಿದರೆ ಅವನು ಹೇಳಿದ ಕಡೆಗೇ ಹರಿಯುತ್ತಿತ್ತು, ಅದನ್ನು ಇಲ್ಲವೆನ್ನಲಾರೆ. ತಲೆ ಮಾತ್ರ ಮಟ್ಟದಲ್ಲಿರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ.

ಅವನ ಹಿಂದೆ ಮಂಡಿಯೂರಿ, ಕಲ್ಲು ಕಲ್ಲಿನ ನಡುವಿನ ಸಂದಿ ತುಂಬುತ್ತ ಹೋಗುವವಳು ನನ್ನ ಅಕ್ಕ. ಕರಣೆಯ ತುದಿಯಿಂದ ಗಾರೆಯನ್ನು ಸಂದಿಗೆ ಇಳಿಸಬೇಕು, ಬೆರಳಗಲದ ಕಬ್ಬಿಣದ ಪಟ್ಟಿಯಿಂದ ಒತ್ತಿ ಒತ್ತಿ ಕೂರಿಸಬೇಕು, ಕಲ್ಲಿನ ಮೇಲೆ ಚೆಲ್ಲಿದ್ದನ್ನು ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಬೇಕು. ತಡ ಮಾಡಿದರೆ ಬಿಳಿ ಕಲೆ ಹತ್ತಿಬಿಡುತ್ತದೆ. ಕಲ್ಲಿನ ಮೇಲೆ ಕಲೆ ಉಳಿದ ದಿನ ಅಕ್ಕನ ಬೆನ್ನ ಮೇಲೂ ಒಂದು ಏಳುತ್ತಿತ್ತು.

ಸುತ್ತಿ ಬಳಸಿ ಹೇಳುವವರನ್ನು ಕಂಡು ಕಂಡು ಸಾಕಾಗಿದೆ, ನಾನು ನೇರವಾಗಿಯೇ ಹೇಳುತ್ತೇನೆ. ಕಲ್ಲು ತಟ್ಟುವ ರಬ್ಬರ್ ಸುತ್ತಿಗೆಯಿಂದಲೇ ಅವಳನ್ನು ಹೊಡೆಯುತ್ತಿದ್ದ. ಅದರಿಂದ ಹೊಡೆದರೆ ಚರ್ಮ ಒಡೆಯುವುದಿಲ್ಲ, ಒಳಗಿನದು ಒಡೆಯುತ್ತದೆ. ಒಮ್ಮೆ ಎಡಗೈಯ ಬೆರಳು ಮುರಿಯಿತು. ಒಮ್ಮೆ ಹಲ್ಲು ಹೋಯಿತು, ಅದನ್ನು ಅವಳು ನುಂಗಿಯೇ ಬಿಟ್ಟಿದ್ದಳು. ಪಕ್ಕೆಲುಬು ಮುರಿದಾಗ ನನ್ನ ಮನೆಗೆ ಬಂದಳು. ಕೂತರೆ ಏಳಲಾರಳು, ಕೆಮ್ಮು ಬಂದರೆ ಸೆರಗು ಕಚ್ಚಿಕೊಳ್ಳುವಳು.

ಹಿಂದೆಯೇ ಅಮ್ಮ ಬಂದಳು.

“ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.”

“ಉಣ್ಣೋಕೂ ಆಗ್ತಿಲ್ಲ, ಮಲಗೋಕೂ ಆಗ್ತಿಲ್ಲ ಅವಳಿಗೆ,” ಎಂದೆ.

“ನೀನು ಸುಮ್ನಿರೆ. ಅವನೇನು ಕೆಟ್ಟವನಾ? ಸಿಟ್ಟು ಬಂದಾಗ ಕಣ್ಣು ಕಾಣಲ್ಲ, ಕೈ ನಿಲ್ಲಲ್ಲ, ಅಷ್ಟೆ. ಇಳಿದ ಮೇಲೆ ಮಗು ಥರ ಅಳ್ತಾನೆ.”

ನನ್ನ ಹೊಟ್ಟೆ ಉರಿಸಿದ್ದು ಅಮ್ಮನ ಮಾತಲ್ಲ. ಅಕ್ಕನೂ ಅದನ್ನೇ ನಂಬಿದ್ದಳು. ಅವನ ಸಿಟ್ಟು ಅವಳ ಪಾಲಿಗೆ ಬಿರುಗಾಳಿಯಿದ್ದ ಹಾಗೆ, ಬಂದಾಗ ತಲೆ ಬಗ್ಗಿಸಬೇಕು, ಯಾರನ್ನು ದೂರುವುದು? “ಅವರ ಕೈ ನಿಲ್ಲಲ್ಲ ಕಣೇ, ನಾನು ನೋಡಿಲ್ವಾ,” ಎನ್ನುವಳು. ಈ ನಂಬಿಕೆ ಹೋಗದಿದ್ದರೆ ಒಂದು ದಿನ ಹೆಣವಾಗುತ್ತಾಳೆ ಎಂದು ನನಗೆ ಗೊತ್ತಿತ್ತು. ಬೈದೆ, ಅತ್ತೆ, ಬಾಗಿಲಿಗೆ ಅಡ್ಡ ನಿಂತೆ. ಪಕ್ಕೆಗೆ ಪಟ್ಟಿ ಸುತ್ತಿಕೊಂಡೇ ಹೋದಳು.

ಆಮೇಲಿನದು ಅಕ್ಕನೇ ಹೇಳಿದ್ದು. ಒಂದು ದೊಡ್ಡ ಮನೆಯ ಅಂಗಳ, ಸುತ್ತ ಎತ್ತರದ ಗೋಡೆ, ಒಂದೇ ಗೇಟು. ಮನೆಯವರು ಬೀಗ ಹಾಕಿಕೊಂಡು ಎಲ್ಲೋ ಹೋಗಿದ್ದರು. ರಸಮಟ್ಟ ಕಲ್ಲು ಕೂರಿಸಿ ಮುಗಿಸಿ ಸಿಮೆಂಟು ತರಲು ಹೊರಟ. ಸಂದಿ ತುಂಬುವವರು ಮನೆಯ ಗೋಡೆಯಿಂದ ಶುರು ಮಾಡಿ, ಹಿಂದಕ್ಕೆ ಸರಿಯುತ್ತ ಗೇಟಿಗೆ ಬಂದು ಮುಗಿಸಬೇಕು. ಗಾರೆ ಹಸಿಯಿದ್ದಾಗ ಕಾಲಿಟ್ಟರೆ ಕಲ್ಲು ಅಲುಗುತ್ತದೆ, ಅಲುಗಿದರೆ ಕಿತ್ತು ಮತ್ತೆ ಕೂರಿಸಬೇಕು. ಇದು ಅಕ್ಕನಿಗೆ ನಿದ್ದೆಯಲ್ಲೂ ಗೊತ್ತು. ಆದರೆ ಅವತ್ತು ಬೆಳಿಗ್ಗೆ ಕಿವಿಗೆ ಬಿದ್ದ ಏಟಿಗೆ ತಲೆ ಇನ್ನೂ ಗುಂಯ್ ಎನ್ನುತ್ತಿತ್ತು. ಗೇಟಿನಿಂದಲೇ ಶುರು ಮಾಡಿಬಿಟ್ಟಳು. ಬೆನ್ನಿಗೆ ಮನೆಯ ಗೋಡೆ ತಾಗಿದಾಗಲೇ ಎಚ್ಚರವಾದದ್ದು. ಅವಳಿಗೂ ಗೇಟಿಗೂ ನಡುವೆ ಅಂಗಳವಿಡೀ ಹಸಿ.

ಆಗಲೇ ಅವನು ಬಂದ.

“ಎಲ್ಲಿಂದ ಶುರು ಮಾಡಿದೀಯೇ, ದರಿದ್ರದವಳೆ? ತಲೇಲಿ ಏನು ತುಂಬ್ಕೊಂಡಿದೀಯ?”

ಚೀಲ ಕೆಳಗೆ ಬಿತ್ತು, ಸುತ್ತಿಗೆ ಕೈಗೆ ಬಂತು. ಅಕ್ಕ ಗೋಡೆಗೆ ಮುದುಡಿ, ತೋಳಿನಿಂದ ತಲೆ ಮುಚ್ಚಿಕೊಂಡು ಕಾದಳು. ಏಟು ಬೀಳಲಿಲ್ಲ.

ತೋಳು ಸರಿಸಿ ನೋಡಿದಳು. ಅವನು ಗೇಟಿನ ಹತ್ತಿರವೇ ಇದ್ದ. ಕತ್ತಿನ ನರ ಉಬ್ಬಿತ್ತು, ಬಾಯಿಂದ ಎಂಜಲು ಹಾರುತ್ತಿತ್ತು. ಒಂದು ಕಾಲು ಎತ್ತಿದ, ಹಸಿ ಸಂದಿಯನ್ನು ನೋಡಿದ, ಹಿಂದಕ್ಕಿಟ್ಟ. ಸುತ್ತಿಗೆ ಎಸೆಯಲು ಕೈ ಬೀಸಿದ, ಕಲ್ಲುಗಳನ್ನು ನೋಡಿದ, ಇಳಿಸಿದ.

“ಅಲ್ಲೇ ಬಿದ್ದಿರು. ಒಣಗಲಿ. ಒಣಗಿದ ಮೇಲೆ ಬಂದು ನಿನ್ನ ಕಥೆ ಮುಗಿಸ್ತೀನಿ.”

ಬಿಸಿಲು ಜೋರಾಗಿತ್ತು. ಗಾರೆ ಬಿರುಕು ಬಿಟ್ಟೀತೆಂದು ಅವನು ಗೋಣಿಚೀಲವನ್ನು ನೀರಲ್ಲಿ ಅದ್ದಿ ಹಿಂಡಿ, ಗೇಟಿನ ಬಳಿಯ ಸಂದಿಗಳ ಮೇಲೆ ಮೆತ್ತಗೆ ಹಾಸಿದ, ಮಲಗಿದ ಮಗುವಿಗೆ ಹೊದಿಸುವ ಹಾಗೆ. ಮೂಲೆ ಮಡಚಿದ್ದನ್ನೂ ಬಿಡಿಸಿ ಸರಿ ಮಾಡಿದ. ಆಮೇಲೆ ಗೇಟಿಗೆ ಒರಗಿ ಕೂತ, ಸುತ್ತಿಗೆ ತೊಡೆಯ ಮೇಲೆ.

“ಅಲ್ಲೀವರೆಗೂ ಭಯ ಇತ್ತು ಕಣೇ,” ಎಂದಳು ನನಗೆ. “ಗೋಣಿ ಹಾಸಿದ್ದು ನೋಡಿದ್ನಲ್ಲ, ಆಗ ಮೈ ಉರಿದುಹೋಯ್ತು.”

ಎದ್ದಳು. ಕಬ್ಬಿಣದ ಪಟ್ಟಿ ಹಿಡಿದು ಅಂಗಳಕ್ಕಿಳಿದಳು. ಕಲ್ಲಿನ ನಡುಮಧ್ಯಕ್ಕೆ ಕಾಲಿಡಲಿಲ್ಲ, ಬೇಕೆಂದೇ ಸಂದಿಯ ಅಂಚು ಅಂಚಿಗೆ ಹಿಮ್ಮಡಿ ಊರಿ ಊರಿ ನಡೆದಳು. ಗಾರೆ ಪಿಚಕ್ಕೆಂದು ಮೇಲೆ ಉಕ್ಕಿತು, ಕಲ್ಲುಗಳು ಕದಲಿದವು.

“ಅಯ್ಯೋ ನನ್ನ ಕಲ್ಲು! ನನ್ನ ಕಲ್ಲು ಕಣೇ!” ಎಂದು ಅರಚಿಕೊಂಡ. ಅವಳ ಪಕ್ಕೆಲುಬು ಮುರಿದ ದಿನ ಅವನ ಬಾಯಿಂದ ಅಂಥ ಅಯ್ಯೋ ಬಂದಿರಲಿಲ್ಲ.

ಗೋಣಿಯನ್ನೂ ತುಳಿದು ಅವನೆದುರು ನಿಂತಳು. ಸುತ್ತಿಗೆ ಹೆಗಲಿಗೆ ಬಿತ್ತು, ಮೂಳೆ ಮುರಿದದ್ದು ಅವಳಿಗೇ ಕೇಳಿಸಿತು. ಅವನು ಮತ್ತೆ ಕೈ ಎತ್ತಿದಾಗ ಪಟ್ಟಿಯ ಅಂಚನ್ನು ಅವನ ಮಣಿಕಟ್ಟಿಗೆ ಬೀಸಿದಳು. ಇನ್ನೊಮ್ಮೆ ಬೀಸಿದಳು. ಅವನು ಸುತ್ತಿಗೆ ಬಿಟ್ಟು, ಕೈ ಹಿಡಿದುಕೊಂಡು, ತಾನೇ ಕೂರಿಸಿದ ಕಲ್ಲುಗಳ ಮೇಲೆ ಹೊರಳಾಡಿದ. ರಕ್ತ ಹರಿದು ಸಂದಿಯ ಗಾರೆಗೆ ಇಳಿಯಿತಂತೆ. ಕೇಳಿ ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಹೆಗಲಿಗೆ ಕಟ್ಟು ಹಾಕಿಸಿಕೊಂಡು ಅವಳು ನನ್ನ ಮನೆಯಲ್ಲಿ ಮಲಗಿದ್ದಾಗ ಅಮ್ಮ ಮತ್ತೆ ಬಂದಳು. ಮಂಚದ ತುದಿಯಲ್ಲಿ ಕೂತು ಅಕ್ಕನ ಪಾದ ಸವರಿದಳು.

“ಪಾಪ, ಕೈ ಬಿದ್ದುಹೋಗಿದೆ ಅವನಿಗೆ. ತಪ್ಪಾಯ್ತು ಅಂತಿದಾನೆ. ಹೋಗಮ್ಮ ನನ್ನ ತಾಯಿ. ನಿನಗೇ ಗೊತ್ತಲ್ಲ, ಸಿಟ್ಟು ಬಂದ್ರೆ ಅವನ ಕೈ ನಿಲ್ಲಲ್ಲ.”

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಗೋಡೆಯ ಕಡೆಯಿಂದ ಈ ಕಡೆ ಹೊರಳಿದಳು.

“ನಿಲ್ಲತ್ತೆ ಅಮ್ಮ,” ಎಂದಳು. “ಗಾರೆ ಹಸಿ ಇದ್ರೆ ನಿಲ್ಲತ್ತೆ. ನಾನೇ ನೋಡಿದೀನಿ.”