ಮೆಣಸಿನಕಾಯಿ ಪೀಪಾಯಿಯ ವಿಸ್ಕಿ

ಮೆಣಸಿನಕಾಯಿ ಸಾಸ್ ತುಂಬಿಟ್ಟಿದ್ದ ಪೀಪಾಯಿಯಲ್ಲಿ ಹದಗೊಳಿಸಿದ, ರೈ ಧಾನ್ಯದ ವಿಸ್ಕಿ ಅದು. ಅಮೆರಿಕದ ಸಣ್ಣ ಭಟ್ಟಿಯೊಂದರಿಂದ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವ ಗೆಳೆಯನಿಗೆಂದೇ ತಂದಿದ್ದೆ. ನಾನು ಬರುವಷ್ಟರಲ್ಲಿ ಅವನೇ ತೀರಿಕೊಂಡಿದ್ದ.

ಹಿರಿಯರಿಗೆ ಎಡೆ ಇಡುವ ದಿನ ಅವನ ಹೆಂಡತಿ ನನ್ನನ್ನು ಬಾಟ್ಲಿ ಸಮೇತ ಕರೆಸಿದರು. ಹೋಳಿಗೆಯ ಪಕ್ಕ ಲೋಟ ಇಟ್ಟು, ಸಂಕೋಚದಿಂದ ಕೇಳಿದರು:

"ನನಗ ಗೊತ್ತಾಗದಂಗ ಕುಡೀತಿದ್ರು. ನೀರು ಎಷ್ಟು ಹಾಕ್ಕೋತಿದ್ರು, ನಿಮಗ ಗೊತ್ತಿರಬೇಕಲ್ರಿ?"

"ಅರ್ಧಕ್ಕರ್ಧ ರೀ ವೈನಿ," ಅಂದೆ.

"ಅಷ್ಟರ ಶಾಣ್ಯಾತನ ಇತ್ತಲ್ಲ," ಎಂದು ಕಣ್ಣೊರೆಸಿಕೊಂಡು ನೀರು ಬೆರೆಸಿದರು.

ಅವನು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತೆವು. ಆಮೇಲೆ ಅದೇ ಲೋಟವನ್ನು ಪ್ರಸಾದದಂತೆ ನನ್ನ ಕೈಗಿಟ್ಟರು. ನೀರು ನೀರಾಗಿದ್ದರೂ ಗಂಟಲಿಗೆ ಖಾರ ಹತ್ತಿತು.

ನನ್ನ ಗೆಳೆಯ ಜೀವಮಾನದಲ್ಲಿ ನೀರು ಬೆರೆಸಿ ಕುಡಿದವನಲ್ಲ. ಅವತ್ತು ಒಳಗೆ ಒಬ್ಬನೇ ಕೂತು ನನಗೆಷ್ಟು ಬೈದಿರಬೇಕು!