ಹುಳಿಹಿಟ್ಟಿಗೆ ಕಟ್ಟುಬಿದ್ದ ಬ್ರೆಡ್ಡಕ್ಕ

ಓಣಿಯವರೆಲ್ಲ ಅವಳನ್ನು ಬ್ರೆಡ್ಡಕ್ಕ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆ ಅಂಗಡಿ, ನಡುವಿನದರಲ್ಲಿ ಬ್ರೆಡ್ ಸುಡುವ ಓವನ್, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಈ ನಾಲ್ಕು ಕೋಣೆ ಬಿಟ್ಟು ಅವಳು ಬೇರೆಡೆ ಮಲಗಿ ಎದ್ದು ಹದಿನಾಲ್ಕು ವರ್ಷವಾಗಿತ್ತು. ಯಾಕೆಂದು ಕೇಳಿದವರಿಗೆ ಅವಳು ಕಿಟಕಿ ಪಕ್ಕದ ಗಾಜಿನ ಭರಣಿ ತೋರಿಸುತ್ತಿದ್ದಳು. ಅದರಲ್ಲಿ ಹುಳಿಹಿಟ್ಟು ಇತ್ತು.

ಆ ಮನೆಯ ಬ್ರೆಡ್ಡಿಗೆ ಈಸ್ಟ್ ಹಾಕುವ ಪದ್ಧತಿ ಇರಲಿಲ್ಲ. ಹಿಟ್ಟು, ನೀರು ಕಲಸಿ ಹುಳಿ ಬರಿಸಿದ ಆ ಹಿಟ್ಟಿನಿಂದಲೇ ಬ್ರೆಡ್ಡು ಉಬ್ಬಬೇಕು. ಹುಳಿಹಿಟ್ಟಿಗೆ ಜೀವವಿದೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಸ ಹಿಟ್ಟು, ನೀರು ಉಣಿಸಬೇಕು. ಉಣಿಸುವ ಕೈ ಒಂದೇ ಇರಬೇಕೆಂಬುದು ಅತ್ತೆಯ ಕಟ್ಟಪ್ಪಣೆ. ಮೂವತ್ತು ವರ್ಷ ಅತ್ತೆಯೇ ಉಣಿಸಿದ್ದರು, ಆಮೇಲೆ ಸೊಸೆ. ಅವಳಿಗೆ ಜ್ವರ ಬಂದ ಒಂದು ದಿನ ಗಂಡ ಉಣಿಸಲು ಹೋಗಿ, ಹಿಟ್ಟಿನ ಜೊತೆ ಒಂದು ಹಿಡಿ ಉಪ್ಪನ್ನೂ ಬೆರೆಸಿಟ್ಟಿದ್ದ, ಹುಳಿ ಎರಡು ದಿನ ಉಬ್ಬಲಿಲ್ಲ. ಅಲ್ಲಿಗೆ ಅತ್ತೆಯ ಮಾತು ಶಾಸನವಾಯಿತು. ಫ್ರಿಜ್ಜಿನಲ್ಲಿಟ್ಟರೆ ಹುಳಿ ಸೋಮಾರಿಯಾಗುತ್ತದೆಂದು ಅದಕ್ಕೂ ಅವರು ಒಪ್ಪುತ್ತಿರಲಿಲ್ಲ. ಅಪ್ಪ ತೀರಿಕೊಂಡ ದಿನವೂ ಅವಳು ಬೆಳಿಗ್ಗೆ ಉಣಿಸಿ ಹೋಗಿ, ಸಂಜೆ ಉಣಿಸಲು ವಾಪಸು ಬಂದಿದ್ದಳು. ಅತ್ತು ಮುಗಿಸಲೂ ಹೊತ್ತು ಸಿಕ್ಕಿರಲಿಲ್ಲ.

ಹೀಗಿರುವಾಗ ದೂರದ ಊರಿನಿಂದ ಅಕ್ಕ ಫೋನ್ ಮಾಡಿದಳು. ಅವಳು ಒಂಟಿ ಜೀವ. ಸೊಂಟದ ಆಪರೇಷನ್ ನಿಗದಿಯಾಗಿತ್ತು.

“ಒಂದ್ ಹತ್ತು ದಿನ ಬಂದಿರೇ. ಬಚ್ಚಲಿಗೆ ಹೋಗೋಕೂ ಯಾರಾದ್ರೂ ಕೈ ಹಿಡೀಬೇಕಂತೆ. ನಿನ್ನ ಬಿಟ್ರೆ ಯಾರನ್ನ ಕರೀಲಿ?”

“ಬರ್ತೀನಿ” ಅಂದುಬಿಟ್ಟಳು. ಫೋನ್ ಇಟ್ಟಮೇಲೆ ಭರಣಿ ನೆನಪಾಯಿತು. ಉಳಿದಿದ್ದು ಮೂರೇ ವಾರ.

ಉಪಾಯ ಹೇಳಿದವರು ದಿನಾ ಬ್ರೆಡ್ಡಿಗೆ ಬರುತ್ತಿದ್ದ ನಿವೃತ್ತ ಟೀಚರ್. “ಒಣಗಿಸಿಡಮ್ಮ. ಸಾಯಲ್ಲ ಅದು, ನಿದ್ದೆ ಮಾಡುತ್ತೆ ಅಷ್ಟೆ. ಬೇಕಾದಾಗ ಎಬ್ಬಿಸಿದ್ರಾಯ್ತು.”

“ಈ ಮನೇಲಿ ಅದಕ್ಕಾದ್ರೂ ನಿದ್ದೆ ಸಿಗ್ಲಿ ಬಿಡಿ ಮೇಡಂ.”

ಅವಸರದಲ್ಲಿ ಮೊದಲ ಸಲ ಅವಳು ತಪ್ಪು ಮಾಡಿದಳು. ಭರಣಿಯಿಂದ ಸ್ವಲ್ಪ ಹುಳಿಹಿಟ್ಟನ್ನು ತೆಗೆದು ತಟ್ಟೆಗೆ ಬಳಿದು, ಬೇಗ ಒಣಗಲೆಂದು ಆಗಷ್ಟೇ ಬ್ರೆಡ್ ತೆಗೆದ ಓವನ್ನಿನ ಮೇಲಿಟ್ಟಳು. ಸಂಜೆಯೊಳಗೆ ಗರಿಗರಿಯಾಯಿತು. ಆದರೆ ನೀರಿಗೆ ಹಾಕಿ ಐದು ದಿನ ಉಣಿಸಿದರೂ ಅದು ಮಿಸುಕಲಿಲ್ಲ, ಗೋಡೆಗೆ ಪೋಸ್ಟರು ಅಂಟಿಸುವ ಗೋಂದಿನಂತೆ ಬಿದ್ದುಕೊಂಡಿತ್ತು. ಬಿಸಿಗೆ ಸತ್ತಿತ್ತು.

ಎರಡನೆಯ ಸಲ ಕಾಗದದ ಮೇಲೆ ತೆಳ್ಳಗೆ ಸವರಿ, ಮಲಗುವ ಕೋಣೆಯ ಬೀರುವಿನ ಮೇಲೆ ಫ್ಯಾನಿನ ಗಾಳಿಗೆ ಎರಡು ದಿನ ಬಿಟ್ಟಳು. ಕಾಗದ ಮಡಿಸಿದರೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಪುಡಿ ಮಾಡಿ ಬಾಟಲಿಗೆ ತುಂಬಿ, ಒಂದು ಚಮಚ ಮಾತ್ರ ಲೋಟದಲ್ಲಿ ಉಗುರುಬೆಚ್ಚಗಿನ ನೀರಿಗೆ ನೆನೆಹಾಕಿ ಹಿಟ್ಟು ಕಲಸಿದಳು. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಒಂದು ಗುಳ್ಳೆ. ಅದನ್ನೇ ಆಗಾಗ ಹೋಗಿ ನೋಡಿ ಬಂದಳು. ನಾಲ್ಕನೆಯ ದಿನ ಹಿಟ್ಟು ಲೋಟದ ಅಂಚಿಗೆ ಬಂದು ನಿಂತು, ಹುಳಿ ವಾಸನೆ ಘಮ್ಮೆಂದಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಆ ಲೋಟವನ್ನು ಎಲ್ಲರ ನಡುವೆ ಇಟ್ಟು ವಿಷಯ ಹೇಳಿದಳು. ಅಕ್ಕನ ಆಪರೇಷನ್ನಿಗೆ ಇನ್ನು ಎಂಟು ದಿನವಿತ್ತು.

ಗಂಡ ಲೋಟ ಮೂಸಿ ನೋಡಿ ಖುಷಿಪಟ್ಟ. “ಭಲೇ ಕೆಲಸ ಮಾಡಿದ್ದೀಯ ಕಣೇ. ಹಾಗಾದ್ರೆ ಇನ್ನು ಹಿಟ್ಟು ಕೆಡುತ್ತೆ ಅನ್ನೋ ಭಯ ಇಲ್ಲ.”

“ಅದಕ್ಕೇ ನಾನು ಹೋಗಿ ಬರ್ತೀನಿ ಅಂದಿದ್ದು.”

“ಹತ್ತು ದಿನಾನಾ? ಅಂಗಡಿ ಗತಿ ಏನು?”

ಅತ್ತೆ ತುತ್ತು ನುಂಗಿ ತಲೆಯೆತ್ತಿದರು. “ಹಿಟ್ಟು ಒಣಗಿಸ್ದೆ, ಜಾಣೆ. ನಮ್ಮ ಹೊಟ್ಟೆ ಹೆಂಗೆ ಒಣಗಿಸ್ತೀಯ ತಾಯಿ? ಅಡುಗೆ ಯಾರ್ ಮಾಡ್ತಾರೆ? ನನ್ನ ಮಾತ್ರೆ ಯಾರ್ ಕೊಡ್ತಾರೆ, ಈ ಉಪ್ಪಿನ ಮಹಾರಾಯನಾ?”

ಗಂಡ ನಕ್ಕ. ಅವಳು ನಗಲಿಲ್ಲ. ಹದಿನಾಲ್ಕು ವರ್ಷ ತನ್ನನ್ನು ಕಟ್ಟಿಹಾಕಿದ್ದು ಹಿಟ್ಟೆಂದೇ ಅವಳು ನಂಬಿದ್ದಳು. ಹಗ್ಗ ಬಿಚ್ಚಿ ನೋಡಿದರೆ ಗೂಟ ಬೇರೆಲ್ಲೋ ಇತ್ತು. ಲೋಟ ಎತ್ತಿಕೊಂಡು ಒಳಗೆ ಹೋದಳು. ಎಂದಿನಂತೆ ಸಂಜೆ ಹುಳಿಹಿಟ್ಟಿಗೆ ಉಣಿಸಿದಳು. ಮುಂದಿನ ಆರು ದಿನ ಯಾರೂ ಆ ಮಾತೆತ್ತಲಿಲ್ಲ. ಮಾತು ಅಲ್ಲಿಗೆ ಮುಗಿಯಿತೆಂದು ತಾಯಿ, ಮಗ ಇಬ್ಬರೂ ತಿಳಿದರು.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಹಿಟ್ಟು ನಾದುವಾಗ ಅವಳು ಭರಣಿ ಪೂರ್ತಿ ಬೋರಲು ಹಾಕಿ, ಲೋಟದಲ್ಲಿದ್ದದ್ದನ್ನೂ ಸುರಿದು ಬೆರಳಿನಿಂದ ಬಳಿದು ಹಾಕಿದಳು. ಅಂದಿನ ಬ್ರೆಡ್ಡು ಎಂದಿಗಿಂತ ಹುಳಿಯಾಗಿತ್ತು, ಎಂದಿಗಿಂತ ಜಾಸ್ತಿ ಉಬ್ಬಿತ್ತು. ಹತ್ತು ಗಂಟೆಗೆಲ್ಲ ಖಾಲಿಯಾಯಿತು.

ಅತ್ತೆ ಅಡುಗೆಮನೆಗೆ ಬಂದಾಗ ಭರಣಿ ತೊಳೆದು ಕವುಚಿಟ್ಟಿತ್ತು. ಸೊಸೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು, ಪಕ್ಕದಲ್ಲಿ ಚೀಲ.

“ಹಿಟ್ಟೆಲ್ಲೇ?”

“ಎಲ್ಲಾ ಬ್ರೆಡ್ಡಿಗೆ ಹಾಕ್ದೆ ಅತ್ತೆ.”

“ಒಣಗಿಸಿದ್ದು?”

“ನನ್ನ ಚೀಲದಲ್ಲಿದೆ. ನಿಮ್ಮ ಮಾತ್ರೆ ದಿನದ ಲೆಕ್ಕಕ್ಕೆ ಪೊಟ್ಟಣ ಕಟ್ಟಿಟ್ಟಿದ್ದೀನಿ. ಅನ್ನ ಇಡೋಕೆ ಇವರಿಗೆ ಬರುತ್ತೆ, ಬರಲ್ಲ ಅಂತ ಸುಳ್ಳು ಹೇಳ್ತಾರೆ.”

ಅತ್ತೆ ಖಾಲಿ ಭರಣಿಯನ್ನು ಎತ್ತಿ, ಒಳಗೆ ನೋಡಿ, ಮತ್ತೆ ಕವುಚಿಟ್ಟರು. ತಗ್ಗಿದ ದನಿಯಲ್ಲಿ ಕೇಳಿದರು, “ಎಬ್ಬಿಸೋಕೆ ನೀರು ಎಷ್ಟು ಬೆಚ್ಚಗಿರ್ಬೇಕು?”

“ಬಂದಮೇಲೆ ಹೇಳ್ತೀನಿ.”

ಅಂಗಡಿಯ ಬಾಗಿಲಲ್ಲಿ ಗಂಡ ರಟ್ಟಿನ ತುಂಡು, ಪೆನ್ನು ಹಿಡಿದು ನಿಂತಿದ್ದ. ಮುಖ ಗಂಟಿಕ್ಕಿತ್ತು. “ಹತ್ತು ದಿನ ರಜೆ ಅಂತ ಬರೀಲಾ?”

ಅವಳು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದಳು. “ಹದಿನಾಲ್ಕು ಅಂತ ಬರೀರಿ. ಹಿಟ್ಟು ಏಳೋಕೆ ನಾಲ್ಕು ದಿನ ಬೇಕು.”